ಔಷಧಿ ಅಂಗಡಿಯಲ್ಲಿ ಉಸಿರಿನ ಪಾಠ

1955ರ ಮಾತು. ಅಮೆರಿಕದ 13 ವರ್ಷದ ಹುಡುಗಿಯೊಬ್ಬಳಿಗೆ ಅಸ್ತಮಾ ಕಾಟ. ಆ ಕಾಲದಲ್ಲಿ ಔಷಧಿಯನ್ನು ಗಾಜಿನ ಪುಟ್ಟ ಬುಡ್ಡಿಯಲ್ಲಿ ತುಂಬಿ, ಅದಕ್ಕೆ ಜೋಡಿಸಿದ ರಬ್ಬರ್ ಉಂಡೆಯನ್ನು ಹಿಚುಕಿ, ಹೊರಬರುವ ತುಂತುರನ್ನು ಬಾಯಿಯಿಂದ ಎಳೆದುಕೊಳ್ಳಬೇಕಿತ್ತು. ಗಾಜು ಒಡೆಯುತ್ತಿತ್ತು. ಒಮ್ಮೆ ಹಿಚುಕಿದಾಗ ಬಂದಷ್ಟು ಔಷಧಿ ಇನ್ನೊಮ್ಮೆ ಬರುತ್ತಿರಲಿಲ್ಲ. ಬೇಸತ್ತ ಹುಡುಗಿ ತಂದೆಯನ್ನು ಕೇಳಿದಳು, ಕೂದಲಿಗೆ ಸಿಂಪಡಿಸಿಕೊಳ್ಳುವ ದ್ರವ ಡಬ್ಬಿಯಲ್ಲಿ ಬರುವಂತೆ ತನ್ನ ಔಷಧಿಯೂ ಏಕೆ ಬರಬಾರದು ಎಂದು. ತಂದೆ ಜಾರ್ಜ್ ಮೈಸನ್ ಅವರು ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧಿ ಕಂಪನಿಯ ಅಧ್ಯಕ್ಷರಾಗಿದ್ದರು. ಮಗಳ ಪ್ರಶ್ನೆಯನ್ನು ಅವರು ನಕ್ಕು ತಳ್ಳಿಹಾಕಲಿಲ್ಲ. ಮರುವರ್ಷವೇ, ಅಂದರೆ 1956ರಲ್ಲಿ, ಒಂದು ಸಲ ಒತ್ತಿದರೆ ಅಳತೆಯಷ್ಟೇ ಔಷಧಿಯನ್ನು ಹೊರಬಿಡುವ ಇನ್‌ಹೇಲರ್ ಸಿದ್ಧವಾಯಿತು. ನಮ್ಮ ಊರುಗಳಲ್ಲಿ ಇಂದು ‘ಪಂಪು’ ಎಂದು ಕರೆಯುವುದು ಇದನ್ನೇ.

ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಆ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತು. ಮಾತ್ರೆಯಾದರೆ ನೀರಿನೊಂದಿಗೆ ನುಂಗಿದರಾಯಿತು, ಉಳಿದ ಕೆಲಸವನ್ನು ಹೊಟ್ಟೆ ನೋಡಿಕೊಳ್ಳುತ್ತದೆ. ಇನ್‌ಹೇಲರ್ ಹಾಗಲ್ಲ. ಬೆರಳು ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಕೂಡಬೇಕು. ತಾಳ ತಪ್ಪಿದರೆ ಎಷ್ಟೇ ದುಬಾರಿಯ ಔಷಧಿಯಾದರೂ ನಾಲಿಗೆಯ ಮೇಲೆ, ಗಂಟಲಲ್ಲಿ ಕುಳಿತುಬಿಡುತ್ತದೆ, ಶ್ವಾಸಕೋಶದವರೆಗೆ ಹೋಗುವುದೇ ಇಲ್ಲ. ಹಾಗಾದರೆ ಈ ತಾಳವನ್ನು ರೋಗಿಗೆ ಕಲಿಸುವವರು ಯಾರು? ವೈದ್ಯರ ಕೋಣೆಯ ಹೊರಗೆ ಸರದಿ ಕಾಯುವವರ ಸಾಲೇ ಇರುತ್ತದೆ. ಔಷಧಿ ಕೈಗೆ ಬರುವುದು ಔಷಧಿ ಅಂಗಡಿಯಲ್ಲಿ. ಅದನ್ನು ಕೈಗಿಡುವ ಫಾರ್ಮಸಿಸ್ಟ್, ರೋಗಿ ಮನೆಗೆ ಹೋಗುವ ಮುನ್ನ ಭೇಟಿಯಾಗುವ ಕೊನೆಯ ತಿಳಿದವರು. ಅವರು ಐದು ನಿಮಿಷ ಬಿಡುವು ಮಾಡಿಕೊಂಡರೆ ಏನಾಗಬಹುದು ಎಂಬುದೇ ಈ ಲೇಖನದ ವಿಷಯ.

ಏನಿದು ಸಿ.ಓ.ಪಿ.ಡಿ.?

ದಮ್ಮು, ಉಬ್ಬಸ, ಗೂರಲು ಎಂದೆಲ್ಲ ನಮ್ಮ ಹಿರಿಯರು ಕರೆಯುತ್ತಿದ್ದ ತೊಂದರೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಸ್ತಮಾ. ಇದು ಬಹಳ ಮಂದಿಗೆ ಚಿಕ್ಕಂದಿನಲ್ಲೇ ಶುರುವಾಗಿ, ಬಂದು ಹೋಗಿ ಮಾಡುತ್ತದೆ. ಇನ್ನೊಂದು ದೀರ್ಘಕಾಲದ ಶ್ವಾಸನಾಳ ಅಡಚಣೆಯ ರೋಗ. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಇದು ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಸದ್ದಿಲ್ಲದೆ ಬೆಳೆಯುತ್ತದೆ. ಮೊದಲು ಬೆಳಗಿನ ಕೆಮ್ಮು ಮತ್ತು ಕಫ. ಆಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು. ಕೊನೆಗೆ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲೇ ದಣಿವು. ‘ವಯಸ್ಸಾಯಿತಲ್ಲ’ ಎಂದು ಮನೆಯವರೂ ಸುಮ್ಮನಾಗುತ್ತಾರೆ, ರೋಗಿಯೂ ಸುಮ್ಮನಾಗುತ್ತಾರೆ.

ವರ್ಷಗಟ್ಟಲೆ ಹೊಗೆ, ದೂಳು ಸೇವಿಸಿದ ಶ್ವಾಸನಾಳಗಳ ಒಳಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಸೂಕ್ಷ್ಮ ಗಾಳಿಚೀಲಗಳ ಗೋಡೆಗಳು ಒಡೆದು ಒಂದಾಗುತ್ತವೆ. ಹೀಗೆ ಹಾಳಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಹೊಗೆಯಿಂದ ದೂರವಾದರೆ ರೋಗದ ವೇಗ ತಗ್ಗುತ್ತದೆ, ಸರಿಯಾದ ಔಷಧಿಯಿಂದ ಉಸಿರಾಟ ಹಗುರವಾಗುತ್ತದೆ, ಇದ್ದಕ್ಕಿದ್ದಂತೆ ರೋಗ ಕೆರಳಿ ಆಸ್ಪತ್ರೆ ಸೇರುವ ಸಂದರ್ಭಗಳು ಕಡಿಮೆಯಾಗುತ್ತವೆ. ರೋಗ ಇದೆಯೋ ಇಲ್ಲವೋ ಎಂಬುದನ್ನು ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಊದಿಸಿ ವೈದ್ಯರು ಖಚಿತಪಡಿಸಿಕೊಳ್ಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರು ಈ ರೋಗದಿಂದ ಸತ್ತರು. ಸಾವಿನ ಕಾರಣಗಳಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ಭಾರತದಲ್ಲಿ 1990ರಲ್ಲಿ ಸುಮಾರು 2.81 ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆ 2016ರ ಹೊತ್ತಿಗೆ ಸುಮಾರು 5.53 ಕೋಟಿಗೆ ಏರಿತ್ತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು.

ಬೀಡಿ, ಸಿಗರೇಟು ಈ ರೋಗಕ್ಕೆ ದೊಡ್ಡ ಕಾರಣ ಎಂಬುದು ಎಲ್ಲರಿಗೂ ಗೊತ್ತು. ಆದರೆ ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಅಜ್ಜಿಗೆ ದಮ್ಮು ಹೇಗೆ ಬಂತು? ಉತ್ತರ ಅಡುಗೆ ಮನೆಯಲ್ಲಿದೆ. ಕಿಟಕಿಯಿಲ್ಲದ ಮೂಲೆಯಲ್ಲಿ ಹಸಿ ಸೌದೆ, ತೆಂಗಿನ ಗರಿ, ಬೆರಣಿ ಉರಿಸಿ, ಊದುಗೊಳವೆ ಹಿಡಿದು ನಲವತ್ತು ವರ್ಷ ಒಲೆ ಊದಿದ ಹೆಂಗಸು ಸೇವಿಸಿದ ಹೊಗೆ ಕಡಿಮೆಯದಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಒಲೆಯಲ್ಲಿ ಹಂಡೆ ಕಾಯಿಸುವುದು ನಿಂತಿಲ್ಲ. ಪುಣೆಯ ವೈದ್ಯ ಸಂದೀಪ್ ಸಾಲ್ವಿ ಅವರು ಪೀಟರ್ ಬಾರ್ನ್ಸ್ ಅವರೊಡನೆ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಲೇಖನ, ಧೂಮಪಾನ ಮಾಡದವರಲ್ಲಿ ಕಾಣುವ ಸಿ.ಓ.ಪಿ.ಡಿ.ಯತ್ತ ಜಗತ್ತಿನ ವೈದ್ಯರ ಗಮನ ಸೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯಿರುವ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಟ್ಟದ್ದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ಸೌದೆ ಉಳಿಸುವ ಆ ಒಲೆ, ಹೆಂಗಸರ ಉಸಿರನ್ನೂ ಉಳಿಸುವ ಒಲೆಯಾಗಿತ್ತು.

ಔಷಧಿ ದಾರಿ ತಪ್ಪುವುದೆಲ್ಲಿ?

ಸಿ.ಓ.ಪಿ.ಡಿ.ಗೆ ಮುಖ್ಯ ಔಷಧಿ ಉಸಿರಿನ ಮೂಲಕವೇ ಒಳಹೋಗಬೇಕು. ಹಾಗೆ ಹೋದರೆ ತೀರಾ ಸಣ್ಣ ಪ್ರಮಾಣ ಸಾಕು, ಮೈಯ ಬೇರೆ ಭಾಗಗಳಿಗೆ ತೊಂದರೆಯೂ ಕಡಿಮೆ. ಆದರೆ ಪಂಪನ್ನು ಸರಿಯಾಗಿ ಬಳಸಿದಾಗಲೂ ಔಷಧಿಯ ಶೇ. 10ರಿಂದ 20ರಷ್ಟು ಮಾತ್ರ ಶ್ವಾಸಕೋಶವನ್ನು ತಲುಪುತ್ತದೆ. ತಪ್ಪಾಗಿ ಬಳಸಿದರೆ ಅದೂ ಇಲ್ಲ.

ತಪ್ಪುಗಳು ಹಲವು ಬಗೆ. ಡಬ್ಬಿಯನ್ನು ಅಲುಗಾಡಿಸದೆ ಒತ್ತುವುದು. ಮೊದಲು ಒತ್ತಿ ಆಮೇಲೆ ಉಸಿರೆಳೆಯುವುದು. ಉಸಿರನ್ನು ಹಿಡಿದಿಟ್ಟುಕೊಳ್ಳದೆ ತಕ್ಷಣ ಬಿಟ್ಟುಬಿಡುವುದು. ಒಂದೇ ಉಸಿರಿಗೆ ಎರಡು ಸಲ ಒತ್ತುವುದು. ಬಾಯಿಗಿಡುವ ಭಾಗದ ಮುಚ್ಚಳವನ್ನೇ ತೆಗೆಯದೆ ಒತ್ತಿದವರೂ ಇದ್ದಾರೆ.

ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ಇನ್ನೊಂದು ಸಾಧನ ರೋಟಾಹೇಲರ್. ಇದರಲ್ಲಿ ಪುಡಿ ತುಂಬಿದ ಕ್ಯಾಪ್ಸೂಲನ್ನು ಇಟ್ಟು, ತಿರುಗಿಸಿ ಬೇರ್ಪಡಿಸಿ, ಪುಡಿಯನ್ನು ಎಳೆದುಕೊಳ್ಳಬೇಕು. ಪಂಪಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಪಂಪಿನ ಔಷಧಿಯನ್ನು ನಿಧಾನವಾಗಿ, ಆಳವಾಗಿ ಎಳೆಯಬೇಕು. ರೋಟಾಹೇಲರ್‌ನ ಪುಡಿಯನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಒಂದರ ಪಾಠವನ್ನು ಇನ್ನೊಂದಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ. ಇದಕ್ಕಿಂತ ದೊಡ್ಡ ತಪ್ಪೆಂದರೆ ಆ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿಬಿಡುವುದು! ಕ್ಯಾಪ್ಸೂಲ್ ಎಂದರೆ ನುಂಗುವುದು ಎಂದು ಜೀವನವಿಡೀ ತಿಳಿದವರಿಗೆ ಇದು ಬೇರೆ ಎಂದು ಯಾರಾದರೂ ಹೇಳಬೇಕಲ್ಲವೆ? ಅಂಗಡಿಯಲ್ಲಿ ನಡೆಯಬಹುದಾದ ಒಂದು ಮಾತುಕತೆಯನ್ನು ಊಹಿಸಿಕೊಳ್ಳಿ.

‘ಅಜ್ಜಿ, ಹೋದ ತಿಂಗಳು ತಗೊಂಡು ಹೋದ ಕ್ಯಾಪ್ಸೂಲ್ ಮುಗೀತಾ?’

‘ಮುಗೀತಪ್ಪ. ದಿನಾ ಎರಡು ನುಂಗಿದೆ. ಏನೂ ಗುಣ ಕಾಣಲಿಲ್ಲ. ಡಾಕ್ಟ್ರಿಗೆ ಹೇಳಿ ಬೇರೆ ಬರೆಸ್ಕೊಳ್ಳೋಣ ಅಂತಿದೀನಿ.’

‘ನುಂಗೋದಲ್ಲ ಅಜ್ಜಿ ಅದು. ಇಲ್ಲಿ ಕೂತ್ಕೊಳ್ಳಿ, ತೋರಿಸ್ತೀನಿ.’

‘ತೋರಿಸ್ತೀನಿ’ ಎಂಬ ಆ ಒಂದು ಮಾತು ಬಾರದಿದ್ದರೆ ಮುಂದೇನಾಗುತ್ತದೆ? ಔಷಧಿ ನಾಟಲಿಲ್ಲ ಎಂದು ವೈದ್ಯರು ಇನ್ನೂ ಬಲವಾದದ್ದನ್ನು ಬರೆಯುತ್ತಾರೆ. ಅದನ್ನೂ ಅಜ್ಜಿ ನುಂಗುತ್ತಾರೆ. ಹಣ ಹೋಗುತ್ತದೆ, ದಮ್ಮು ಉಳಿಯುತ್ತದೆ.

ಇದಲ್ಲದೆ ಮನಸ್ಸಿನ ಅಡ್ಡಿಯೂ ಉಂಟು. ‘ಪಂಪು ಹಿಡಿದರೆ ಚಟವಾಗುತ್ತದೆ’, ‘ಅದು ಕೊನೆಯ ಮದ್ದು’ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಇದರಲ್ಲಿ ಹುರುಳಿಲ್ಲ. ಕನ್ನಡಕ ಹಾಕಿಕೊಂಡರೆ ಕಣ್ಣಿಗೆ ಚಟ ಹಿಡಿಯಿತು ಎನ್ನುತ್ತೇವೆಯೆ? ಇನ್ನು ಕೆಲವರು ಸ್ವಲ್ಪ ಹಗುರವಾದೊಡನೆ ದಿನನಿತ್ಯದ ಔಷಧಿಯನ್ನು ನಿಲ್ಲಿಸುತ್ತಾರೆ. ದಮ್ಮು ಏರಿದಾಗ ಮಾತ್ರ ಬಳಸುವ ಔಷಧಿ ಬೇರೆ, ಏರದಂತೆ ನಿತ್ಯ ಬಳಸುವ ಔಷಧಿ ಬೇರೆ. ಈ ವ್ಯತ್ಯಾಸ ತಿಳಿಯದಿದ್ದರೆ ಚೀಟಿಯಲ್ಲಿ ಬರೆದದ್ದು ಚೀಟಿಯಲ್ಲೇ ಉಳಿಯುತ್ತದೆ.

ಬೆಲ್ಜಿಯಂನ 170 ಅಂಗಡಿಗಳು

ಫಾರ್ಮಸಿಸ್ಟ್ ಹೇಳಿಕೊಟ್ಟರೆ ನಿಜವಾಗಿ ಪ್ರಯೋಜನವಾಗುತ್ತದೆಯೆ, ಅಥವಾ ಇದು ಕೇವಲ ಒಳ್ಳೆಯ ಮಾತೆ? ಈ ಪ್ರಶ್ನೆಯನ್ನು ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಗೆ ಒಡ್ಡಿದರು. 2010ರ ಕೊನೆಯಲ್ಲಿ ಆರಂಭವಾದ ಈ ಪ್ರಯೋಗದಲ್ಲಿ 170 ಸಾಮಾನ್ಯ ಔಷಧಿ ಅಂಗಡಿಗಳು ಪಾಲ್ಗೊಂಡವು. 734 ಮಂದಿ ಸಿ.ಓ.ಪಿ.ಡಿ. ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನಂತೆ ಔಷಧಿ. ಇನ್ನೊಂದು ಗುಂಪಿಗೆ ಔಷಧಿಯ ಜೊತೆಗೆ ಫಾರ್ಮಸಿಸ್ಟರಿಂದ ಎರಡು ಪಾಠ. ಮೊದಲನೆಯದು ಆರಂಭದಲ್ಲಿ, ಎರಡನೆಯದು ಒಂದು ತಿಂಗಳ ನಂತರ. ಪಾಠದ ವಿಷಯ ಮುಖ್ಯವಾಗಿ ಎರಡೇ: ಇನ್‌ಹೇಲರನ್ನು ಹೇಗೆ ಬಳಸಬೇಕು, ದಿನವೂ ತಪ್ಪದೆ ಏಕೆ ಬಳಸಬೇಕು.

ಮೂರು ತಿಂಗಳು ಕಳೆದ ಮೇಲೆ ಲೆಕ್ಕ ಹಾಕಿದಾಗ, ಪಾಠ ಹೇಳಿಸಿಕೊಂಡ ಗುಂಪಿನವರು ಇನ್‌ಹೇಲರ್ ಬಳಸುವ ಕ್ರಮದಲ್ಲಿ ಶೇಕಡಾ 13ಕ್ಕಿಂತ ಹೆಚ್ಚು ಅಂಕ ಮುಂದಿದ್ದರು. ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುವುದರಲ್ಲಿಯೂ ಶೇಕಡಾ 8ಕ್ಕಿಂತ ಹೆಚ್ಚು ಅಂಕಗಳ ಮುನ್ನಡೆ. ಎಲ್ಲಕ್ಕಿಂತ ಗಮನಾರ್ಹವಾದದ್ದು ಆಸ್ಪತ್ರೆಯ ಲೆಕ್ಕ. ಎಂದಿನ ಗುಂಪಿನಲ್ಲಿ 35 ಸಲ ಆಸ್ಪತ್ರೆ ಸೇರಬೇಕಾಗಿ ಬಂದರೆ, ಪಾಠದ ಗುಂಪಿನಲ್ಲಿ ಅದು 9 ಸಲ ಮಾತ್ರ! ಹಾಗೆಂದು ಇದು ಮಾಯಾಮಂತ್ರವೇನಲ್ಲ. ಏದುಸಿರು, ಜೀವನದ ಗುಣಮಟ್ಟ ಮುಂತಾದ ಅಳತೆಗಳಲ್ಲಿ ಅಷ್ಟು ಕಡಿಮೆ ಅವಧಿಯಲ್ಲಿ ಎದ್ದುಕಾಣುವ ವ್ಯತ್ಯಾಸ ಕಂಡುಬರಲಿಲ್ಲ. ರೋಗ ವಾಸಿಯಾಗಲಿಲ್ಲ. ಆದರೆ ಹೊಸ ಔಷಧಿಯಿಲ್ಲದೆ, ಹೊಸ ಯಂತ್ರವಿಲ್ಲದೆ, ಬರೀ ಮಾತು ಮತ್ತು ತಾಳ್ಮೆಯಿಂದ ಇಷ್ಟಾಯಿತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಂಗ್ಲೆಂಡ್ ಇದನ್ನು ಸರ್ಕಾರಿ ವ್ಯವಸ್ಥೆಯ ಭಾಗವಾಗಿಯೇ ಮಾಡಿಕೊಂಡಿತು. ಅಲ್ಲಿ 2011ರ ಅಕ್ಟೋಬರ್‌ನಲ್ಲಿ ‘ಹೊಸ ಔಷಧಿ ಸೇವೆ’ ಎಂಬ ಯೋಜನೆ ಜಾರಿಗೆ ಬಂತು. ಅಸ್ತಮಾ, ಸಿ.ಓ.ಪಿ.ಡಿ., ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ತೊಂದರೆಗಳಿಗೆ ಯಾರಿಗಾದರೂ ಮೊದಲ ಸಲ ಔಷಧಿ ಬರೆದಾಗ, ಅಂಗಡಿಯ ಫಾರ್ಮಸಿಸ್ಟ್ ಒಂದೆರಡು ವಾರದ ನಂತರ ಅವರನ್ನು ವಿಚಾರಿಸುತ್ತಾರೆ. ಮತ್ತೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ವಿಚಾರಿಸುತ್ತಾರೆ. ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ಏನಾದರೂ ತೊಂದರೆ ಇದೆಯೆ ಎಂಬ ಈ ವಿಚಾರಣೆಗೆ ಅಂಗಡಿಗೆ ಸರ್ಕಾರದಿಂದ ಹಣವೂ ಸಿಗುತ್ತದೆ.

ಎರಡು ಚೀಟಿ, ಒಂದು ಅಂಗಡಿ

ಫಾರ್ಮಸಿಸ್ಟರ ಕೆಲಸ ಪಂಪು ಹಿಡಿಯುವುದನ್ನು ಕಲಿಸುವಷ್ಟಕ್ಕೆ ಮುಗಿಯುವುದಿಲ್ಲ. ವಯಸ್ಸಾದವರು ಒಬ್ಬರೇ ವೈದ್ಯರ ಬಳಿ ಹೋಗುವುದಿಲ್ಲ. ಕಣ್ಣಿಗೆ ಒಬ್ಬರು, ಎದೆಗೆ ಒಬ್ಬರು, ಹೊಟ್ಟೆಗೆ ಇನ್ನೊಬ್ಬರು. ಎಲ್ಲ ಚೀಟಿಗಳೂ ಬಂದು ಸೇರುವುದು ಮನೆಯ ಹತ್ತಿರದ ಅದೇ ಅಂಗಡಿಗೆ.

ಒಂದು ಉದಾಹರಣೆ ನೋಡೋಣ. ಕಣ್ಣಿನ ಒತ್ತಡಕ್ಕೆ, ಅಂದರೆ ಗ್ಲಾಕೋಮಾಕ್ಕೆ, ಟಿಮೊಲಾಲ್ ಎಂಬ ಹನಿ ಔಷಧಿಯನ್ನು ಕೊಡುವುದುಂಟು. ಹಾಕುವುದು ಕಣ್ಣಿಗೇ ಆದರೂ ಅದರ ಒಂದಂಶ ರಕ್ತಕ್ಕೆ ಸೇರಿ ಶ್ವಾಸನಾಳವನ್ನು ಬಿಗಿಗೊಳಿಸಬಲ್ಲದು. ಆದ್ದರಿಂದ ಅಸ್ತಮಾ, ಸಿ.ಓ.ಪಿ.ಡಿ. ಇರುವವರಿಗೆ ಇದು ಅಪಾಯಕಾರಿ. ಕಣ್ಣಿನ ವೈದ್ಯರಿಗೆ ರೋಗಿಯು ದಮ್ಮಿನ ವಿಷಯ ಹೇಳದೆ ಇರಬಹುದು. ಆದರೆ ಎರಡೂ ಚೀಟಿಗಳನ್ನು ನೋಡಿದ ಫಾರ್ಮಸಿಸ್ಟ್ ‘ಸ್ವಲ್ಪ ತಡೀರಿ, ಡಾಕ್ಟರಿಗೆ ಫೋನ್ ಮಾಡಿ ಕೇಳ್ತೀನಿ’ ಎನ್ನಬಲ್ಲರು.

ದಮ್ಮಿಗೆಂದು ಕೊಡುವ ಥಿಯೋಫಿಲಿನ್ ಮಾತ್ರೆ ಇನ್ನೊಂದು ಉದಾಹರಣೆ. ರಕ್ತದಲ್ಲಿ ಇದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಾಂತಿ, ಎದೆಬಡಿತ, ಫಿಟ್ಸ್ ಬರಬಹುದು. ಸಿಪ್ರೊಫ್ಲಾಕ್ಸಸಿನ್ ಎಂಬ ಸಾಮಾನ್ಯ ಆ್ಯಂಟಿಬಯೋಟಿಕ್ ಜೊತೆಗೆ ಸೇರಿದರೆ ಪ್ರಮಾಣ ಏರುತ್ತದೆ. ಸೋಜಿಗವೆಂದರೆ ಬೀಡಿ, ಸಿಗರೇಟು ಬಿಟ್ಟಾಗಲೂ ಏರುತ್ತದೆ. ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತನ್ನು ಚುರುಕುಗೊಳಿಸಿ ಈ ಔಷಧಿಯನ್ನು ಬೇಗ ಕರಗಿಸುತ್ತಿರುತ್ತವೆ. ಹೊಗೆ ನಿಂತಾಗ ಆ ಚುರುಕೂ ನಿಲ್ಲುತ್ತದೆ. ಬೀಡಿ ಬಿಡಬಾರದು ಎಂದು ಇದರರ್ಥವಲ್ಲ. ಬಿಟ್ಟದ್ದನ್ನು ವೈದ್ಯರಿಗೂ ಫಾರ್ಮಸಿಸ್ಟರಿಗೂ ತಿಳಿಸಬೇಕು, ಅಷ್ಟೆ.

‘ಬೇಡ’ ಎನ್ನುವ ಧೈರ್ಯವೂ ಈ ವೃತ್ತಿಗೆ ಬೇಕು. ದಮ್ಮು ಏರಿದಾಗ ಸ್ಟಿರಾಯ್ಡ್ ಮಾತ್ರೆ ನುಂಗಿದರೆ ಬೇಗ ಹಗುರವಾಗುತ್ತದೆ. ವೈದ್ಯರು ಕೆಲವು ದಿನಗಳ ಮಟ್ಟಿಗೆ ಅದನ್ನು ಬರೆಯುವುದೂ ಉಂಟು. ಆ ಹಳೆಯ ಚೀಟಿಯನ್ನೇ ಹಿಡಿದು, ಇಲ್ಲವೆ ಚೀಟಿಯೂ ಇಲ್ಲದೆ, ‘ಹೋದ ಸಲದ್ದೇ ಹತ್ತು ಕೊಡಿ’ ಎಂದು ಬರುವವರು ಕಡಿಮೆಯಿಲ್ಲ. ತಿಂಗಳುಗಟ್ಟಲೆ ಹೀಗೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಕೆರಳುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಹತ್ತು ಮಾತ್ರೆ ಮಾರಿದರೆ ಅಂಗಡಿಗೆ ಲಾಭ. ಮಾರದೆ ವೈದ್ಯರ ಬಳಿ ಕಳಿಸಿದರೆ ರೋಗಿಗೆ ಲಾಭ.

ಕಾನೂನು ಏನನ್ನುತ್ತದೆ?

1948ರ ಫಾರ್ಮಸಿ ಕಾಯಿದೆಯ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ. 2015ರಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚೀಟಿ ಬಂದಾಗ ಫಾರ್ಮಸಿಸ್ಟ್ ತಾವಾಗಿಯೇ ರೋಗಿಯೊಡನೆ ಅಥವಾ ಅವರ ಮನೆಯವರೊಡನೆ ಮಾತು ತೆಗೆಯಬೇಕು. ಔಷಧಿ ಯಾತಕ್ಕೆ, ಎಷ್ಟು, ಎಷ್ಟು ದಿನ, ಹೇಗೆ ಬಳಸಬೇಕು, ಅಡ್ಡಪರಿಣಾಮವೇನು, ಎಲ್ಲಿಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂಬುದನ್ನು ತಿಳಿಸಬೇಕು. ಅಂದರೆ ವಿವರಣೆ ಕೇಳುವುದು ನಮ್ಮ ಹಕ್ಕು, ಅಂಗಡಿಯವರು ತೋರುವ ದಾಕ್ಷಿಣ್ಯವಲ್ಲ.

ನಡೆಯುವುದು ಹೀಗೆಯೇ ಎಂದು ಹೇಳಲಾಗದು. ಗೋಡೆಯ ಮೇಲೆ ಪ್ರಮಾಣಪತ್ರ ಒಬ್ಬರದು, ಔಷಧಿ ಎತ್ತಿಕೊಡುವವರು ಇನ್ನೊಬ್ಬರು ಎಂಬ ದೂರು ಹೊಸದಲ್ಲ. ಸಂಜೆಯ ನೂಕುನುಗ್ಗಲಿನಲ್ಲಿ ಹಿಂದೆ ನಿಂತವರು ‘ಬೇಗ, ಬೇಗ’ ಎನ್ನುತ್ತಿರುವಾಗ ಒಬ್ಬ ಅಜ್ಜಿಗೆ ಉಸಿರಿನ ಪಾಠ ಹೇಳುವುದು ಸುಲಭವೂ ಅಲ್ಲ. ಪಾಠಕ್ಕೆ ಸಂಬಳವಿಲ್ಲ, ಲಾಭವಿರುವುದು ಮಾರಾಟದಲ್ಲಿ. ಇಂಗ್ಲೆಂಡಿನಂತೆ ಸಲಹೆಗೂ ಬೆಲೆ ಕಟ್ಟುವ ವ್ಯವಸ್ಥೆ ಬರುವವರೆಗೆ ಇದು ಆಯಾ ಫಾರ್ಮಸಿಸ್ಟರ ಮನಸ್ಸನ್ನೇ ನೆಚ್ಚಿಕೊಂಡಿರುತ್ತದೆ. ಗಿರಾಕಿಗಳಾದ ನಾವು ಮಾಡಬಹುದಾದದ್ದು ಒಂದಿದೆ. ಜನ ಕಡಿಮೆ ಇರುವ ಹೊತ್ತಿನಲ್ಲಿ, ಮಧ್ಯಾಹ್ನವೋ ಬೆಳಿಗ್ಗೆಯೋ ಹೋಗಿ, ಫಾರ್ಮಸಿಸ್ಟರು ಯಾರು ಎಂದು ಕೇಳಿ, ಅವರಿಂದಲೇ ಹೇಳಿಸಿಕೊಳ್ಳುವುದು.

ಓದುವ ಹಾದಿ

ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಮಕ್ಕಳ ಮನೆಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಎರಡೇ ಮಾತು. ಮೆಡಿಕಲ್ ಸೀಟು ಸಿಗದವರು ‘ಫಾರ್ಮಸಿಯಾದರೂ ಸರಿ’ ಎನ್ನುತ್ತಾರೆ. ಆ ‘ಆದರೂ’ ಎಂಬ ಪದವನ್ನು ಕೈಬಿಡುವ ಕಾಲ ಬಂದಿದೆ.

ಪಿ.ಯು.ಸಿ. ನಂತರ ಮೂರು ದಾರಿಗಳಿವೆ. ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ. ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಇದನ್ನು ಮುಗಿಸಿ ನೋಂದಣಿ ಮಾಡಿಸಿದವರು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಬಹುದು. ಬಿ.ಫಾರ್ಮ್ ನಾಲ್ಕು ವರ್ಷದ ಪದವಿ. ಡಿ.ಫಾರ್ಮ್ ಆದವರು ಇದರ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಫಾರ್ಮ್.ಡಿ. 2008ರಲ್ಲಿ ಭಾರತದಲ್ಲಿ ಆರಂಭವಾದ ಆರು ವರ್ಷದ ಕೋರ್ಸು. ಇದರ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ಬಿ.ಫಾರ್ಮ್, ಫಾರ್ಮ್.ಡಿ. ಸೀಟುಗಳಿಗೆ ಸಿ.ಇ.ಟಿ. ಮೂಲಕ ಪ್ರವೇಶ ಪಡೆಯಬಹುದು.

ಈ ವಿದ್ಯೆ ಭಾರತಕ್ಕೆ ಬಂದದ್ದು 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ. ಬಹುಕಾಲ ಅದು ಕಾರ್ಖಾನೆಯತ್ತ ಮುಖ ಮಾಡಿತ್ತು. ಮಾತ್ರೆ ಮಾಡುವುದು ಹೇಗೆ, ಪರೀಕ್ಷಿಸುವುದು ಹೇಗೆ ಎಂಬುದೇ ಪಾಠ. ರೋಗಿಯ ಮಂಚದ ಪಕ್ಕಕ್ಕೆ ಫಾರ್ಮಸಿಸ್ಟರನ್ನು ಕರೆತರುವ ಕೆಲಸ 1990ರ ದಶಕದ ಕೊನೆಯ ಭಾಗದಲ್ಲಿ ಚುರುಕಾಯಿತು. ಇದರಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ದೇಶದ ಮೊದಲಿಗರ ಸಾಲಿನಲ್ಲಿದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಈ ಓದಿಗೆ ರಸಾಯನ ವಿಜ್ಞಾನ, ಜೀವವಿಜ್ಞಾನ ಎಷ್ಟು ಬೇಕೋ ಅಷ್ಟೇ ಕನ್ನಡವೂ ಬೇಕು. ‘ಬ್ರಾಂಕೋಡೈಲೇಟರ್’ ಎಂದರೆ ಅಜ್ಜಿಗೆ ಅರ್ಥವಾಗದು, ‘ಉಸಿರಿನ ಕೊಳವೆ ಅಗಲ ಮಾಡೋ ಮದ್ದು’ ಎಂದರೆ ತಕ್ಷಣ ಅರ್ಥವಾಗುತ್ತದೆ. ಜನರ ಭಾಷೆಯಲ್ಲಿ ಹೇಳಬಲ್ಲವರಿಗೆ ಈ ವೃತ್ತಿಯಲ್ಲಿ ಗೌರವ ತಾನಾಗಿ ಬರುತ್ತದೆ.

ಮನೆಯವರು ಮಾಡಬಹುದಾದದ್ದು

ಮನೆಯಲ್ಲಿ ಇಂಥ ರೋಗಿಗಳಿದ್ದರೆ ಮಕ್ಕಳೇ ಒಳ್ಳೆಯ ಸಹಾಯಕರು. ಈ ಕೆಳಗಿನವು ಗಮನದಲ್ಲಿರಲಿ.

ಒಂದು: ಪಂಪು ಬಳಸುವ ಕ್ರಮ. ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸಬೇಕು. ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಬಾಯಿಯ ಭಾಗವನ್ನು ಬಿಗಿಯಾಗಿ ಮುಚ್ಚಬೇಕು. ನಿಧಾನವಾಗಿ ಉಸಿರೆಳೆಯಲು ಆರಂಭಿಸಿದೊಡನೆ ಒಂದು ಸಲ ಒತ್ತಿ, ಎಳೆಯುವುದನ್ನು ಮುಂದುವರಿಸಬೇಕು. ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಎರಡನೆಯ ಸಲ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ.

ಎರಡು: ಕೈಗೂ ಉಸಿರಿಗೂ ಹೊಂದಾಣಿಕೆ ಆಗದವರಿಗೆ ಸ್ಪೇಸರ್ ಎಂಬ ಕೊಳವೆಯಾಕಾರದ ಡಬ್ಬಿ ಸಿಗುತ್ತದೆ. ಔಷಧಿ ಅದರಲ್ಲಿ ಒಂದು ಕ್ಷಣ ತಂಗುವುದರಿಂದ ತಾಳ ತಪ್ಪುವ ಭಯವಿಲ್ಲ.

ಮೂರು: ರೋಟಾಹೇಲರ್ ಒಳಗೆ ಊದಬಾರದು, ಪುಡಿ ತೇವವಾಗಿ ಅಂಟಿಕೊಳ್ಳುತ್ತದೆ. ಎಳೆದ ಮೇಲೆ ಪುಡಿ ಉಳಿದಿದೆಯೇ ನೋಡಿ, ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು.

ನಾಲ್ಕು: ಸ್ಟಿರಾಯ್ಡ್ ಇರುವ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ನೀರನ್ನು ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿಯ ಅಗ್ರ ಕಟ್ಟಬಹುದು.

ಐದು: ಸ್ವಲ್ಪ ಲೆಕ್ಕ. 120 ಸಲ ಒತ್ತಬಹುದಾದ ಪಂಪನ್ನು ದಿನಕ್ಕೆ ನಾಲ್ಕು ಸಲ ಒತ್ತಿದರೆ ಎಷ್ಟು ದಿನ ಬರುತ್ತದೆ? ಮೂವತ್ತು ದಿನ. ಔಷಧಿ ಮುಗಿದ ಮೇಲೂ ಡಬ್ಬಿಯಿಂದ ಬರೀ ಅನಿಲ ಬರುತ್ತಿರುತ್ತದೆ, ರೋಗಿ ಔಷಧಿ ಎಂದೇ ಭ್ರಮಿಸುತ್ತಾರೆ. ಆರಂಭಿಸಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಿ.

ಆರು: ಹೊಗೆ. ಸಾಧ್ಯವಿದ್ದಷ್ಟೂ ಸೌದೆ ಒಲೆಯಿಂದ ದೂರವಿಡಿ. ಸೊಳ್ಳೆ ಬತ್ತಿಯೂ ಹೊಗೆಯೇ. ಒಂದು ಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಿಂದ ಬರುವಷ್ಟಿವೆ ಎಂದು 2003ರ ಅಧ್ಯಯನವೊಂದು ತೋರಿಸಿದೆ. ಸೊಳ್ಳೆ ಪರದೆ ಒಳ್ಳೆಯದು. ತಂಬಾಕು ಬಿಡಲು ಸಲಹೆ ನೀಡುವ ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆ 1800-11-2356.

ಏಳು: ಖರ್ಚು. ದುಬಾರಿಯೆಂದು ಔಷಧಿ ನಿಲ್ಲಿಸುವ ಮುನ್ನ, ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಕೇಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಿ.

ಎಂಟು: ಅಂಗಡಿಯಲ್ಲಿ ಪರಿಹಾರ ಹುಡುಕಬಾರದ ಹೊತ್ತೂ ಇದೆ. ರೋಗಿಗೆ ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ಅಥವಾ ಉಗುರು ನೀಲಿಯಾಗುವುದು, ಮಂಪರು, ಮಾತಿನಲ್ಲಿ ಗೊಂದಲ, ಪಂಪು ಬಳಸಿದರೂ ಹಗುರವಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಿ.

ಕಾಯಿಲೆ ದೊಡ್ಡದು, ಅದನ್ನು ಪೂರ್ತಿ ಗೆಲ್ಲುವ ಮದ್ದು ಇನ್ನೂ ಬಂದಿಲ್ಲ. ಆದರೆ ಈಗಾಗಲೇ ಕೈಯಲ್ಲಿರುವ ಮದ್ದು ಶ್ವಾಸಕೋಶದವರೆಗೆ ತಲುಪುವಂತೆ ಮಾಡುವುದು ನಮ್ಮಿಂದ ಆಗುವ ಕೆಲಸ. ಮುಂದಿನ ಸಲ ಔಷಧಿ ತರಲು ಹೋದಾಗ ಅಜ್ಜ ಅಥವಾ ಅಜ್ಜಿಯನ್ನೂ, ಅವರ ಪಂಪನ್ನೂ ಜೊತೆಗೆ ಕರೆದುಕೊಂಡು ಹೋಗಿ. ‘ಇವರು ಬಳಸೋದು ಸರಿಯಾಗಿದೆಯಾ, ಒಂದ್ಸಲ ನೋಡ್ತೀರಾ ಸಾರ್?’ ಎಂದು ಕೇಳಿ. ತಿಳಿದ ಫಾರ್ಮಸಿಸ್ಟ್ ಇಲ್ಲವೆನ್ನಲಾರರು.